9 ಪುಸ್ತಕ ಕಮ್ಮಿ ಏನಲ್ಲ

ವರ್ಷಕ್ಕೆ 50 ಪುಸ್ತಕ ಅಂದುಕೊಂಡು 9 ಮಾತ್ರ ಆಯ್ತು, 'ಮಲೆಗಳಲ್ಲಿ ಮದುಮಗಳು' ಒಂದೇ ನಾಲ್ಕು ತಿಂಗಳು ತಿಂದಿತು, ಮುಂದಿನ ವರ್ಷ ಬರೀ ತೆಳ್ಳಗಿನ ಪುಸ್ತಕ ಓದಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಹೋದ ವರ್ಷ ನಾನು ಓದಿದ್ದು 11. ಅದರಲ್ಲಿ ಮದುಮಗಳೂ ಇತ್ತು, ಮೂರು ತಿಂಗಳು ಹಿಡಿಯಿತು. ಕುವೆಂಪು ಅದನ್ನು 1967ರಲ್ಲಿ ಪ್ರಕಟಿಸಿದ್ದು, ಅಲ್ಲಿ ಒಬ್ಬನೇ ನಾಯಕ ಅಂತ ಇಲ್ಲ, ಗುತ್ತಿ, ಐತ, ಪೀಂಚಲು ಎಲ್ಲರ ಜೊತೆಗೂ ಸ್ವಲ್ಪ ಸ್ವಲ್ಪ ದೂರ ನಡೆಯಬೇಕು, ಹಾಗಾಗಿ ಓಡಿಸಿಕೊಂಡು ಓದೋಕೆ ಆಗಲ್ಲ. ಗುತ್ತಿಯ ನಾಯಿ 'ಹುಲಿಯ' ತುಂಗಾ ನದಿಯಲ್ಲಿ ಕೊಚ್ಚಿಹೋಗುವ ಪುಟ ಓದುವಾಗ ನಾನು ಮೆಟ್ರೋದಲ್ಲಿದ್ದೆ. ಜಯನಗರದಲ್ಲಿ ಇಳಿಯಬೇಕಿತ್ತು. ತಲೆ ಎತ್ತಿದಾಗ ಬನಶಂಕರಿ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಉಳಿದದ್ದನ್ನು ಮುಗಿಸಿಯೇ ಎದ್ದೆ.

ಅದೇ ವರ್ಷ ವಿವೇಕ ಶಾನಭಾಗರ 'ಘಾಚರ್ ಘೋಚರ್' ಎರಡು ಸಂಜೆಗೆ ಮುಗಿಯಿತು. ತೆಳ್ಳಗಿದೆ, ನಿಜ, ಆದರೆ ನಮ್ಮದೇ ಬೆಂಗಳೂರಿನ ಮನೆ, ದುಡ್ಡು ಬಂದ ಮೇಲೆ ಬದಲಾಗುವ ಜನ, ವಾರಗಟ್ಟಲೆ ತಲೆಯಿಂದ ಹೋಗಲಿಲ್ಲ. ಪುಟದ ಲೆಕ್ಕಕ್ಕೂ ಪುಸ್ತಕ ಮನಸ್ಸಲ್ಲಿ ಉಳಿಯೋದಕ್ಕೂ ಸಂಬಂಧ ಇಲ್ಲ ಅಲ್ವಾ?

ಒಂದು ಕೆಲಸ ಮಾಡಿ. ಪುಸ್ತಕ ಮುಗಿದ ದಿನವೇ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ತಾರೀಕು, ಓದಿದ ಜಾಗ, ಕಾಡಿದ ಒಂದು ದೃಶ್ಯ ಬರೆದಿಡಿ. ಸುಮ್ನೆ ಎರಡು ಸಾಲು ಸಾಕು. ಅಂದ ಹಾಗೆ, ಆ ಉಳಿದ 8 ಯಾವುವು? ಹೇಳಿ, ನನಗೂ ಪಟ್ಟಿ ಬೇಕು.