ಓದುಗರ ಪ್ರಶ್ನೆ: ಸಂಚಿನ ನಗೆಚಿತ್ರ

ಪ್ರಶ್ನೆ: ಕಾಲೇಜಿನ ವಾರ್ಷಿಕ ಸಂಚಿಕೆಗೆ ರಾಜನ ಸಮೇತ ಸಂಸತ್ತನ್ನೇ ಸ್ಫೋಟಿಸಲು ಹೂಡಿದ 1605ರ ಲಂಡನ್ ಸಿಡಿಮದ್ದಿನ ಸಂಚನ್ನು ನಗೆಚಿತ್ರವಾಗಿ ಬಿಡಿಸುತ್ತಿದ್ದೇನೆ. ಯಾವ ಗಳಿಗೆ ಆರಿಸಲಿ? ಕಳೆದ ಸಲ ಅಚ್ಚಿನಲ್ಲಿ ನೆರಳಿನ ಗೆರೆಗಳೆಲ್ಲ ಮೆತ್ತಿಕೊಂಡವು, ಯಾಕೆ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ಸ್ಫೋಟ ಬಿಡಿಸಬೇಡಿ, ಅದು ಆಗಲೇ ಇಲ್ಲ. ನವೆಂಬರ್ 4ರ ನಡುರಾತ್ರಿಯ ಶೋಧವೇ ಸರಿಯಾದ ಗಳಿಗೆ. ಸಂಸತ್ತಿನ ಮೇಲ್ಮನೆಯಾದ ಪ್ರಭುಸಭೆಯ ಕೆಳಗಿನ ಉಗ್ರಾಣದಲ್ಲಿ 36 ಪೀಪಾಯಿ ಮದ್ದು, ಮೇಲೆ ಸೌದೆಯ ರಾಶಿ, ಪಕ್ಕದಲ್ಲಿ ತಾನು ಬರೀ ಆಳು ಜಾನ್ ಜಾನ್ಸನ್ ಎನ್ನುವ ಸಂಚುಗಾರ ಗೈ ಫಾಕ್ಸ್, ಕಾಲಲ್ಲಿ ಪರಾರಿಯಾಗಲು ಸಿದ್ಧವಾದ ಸವಾರಿಯ ಬೂಟು. ಸೌದೆ ಕಾಯುವ ಆಳಿಗೆ ಅಂಥ ಬೂಟು ಯಾಕೆ? ನಗು ಇರುವುದು ಅಲ್ಲೇ. ಬೂಟನ್ನು ದೊಡ್ಡದಾಗಿಯೇ ಬಿಡಿಸಿ. ಆಮೇಲಿನ ಚಿತ್ರಹಿಂಸೆ, ಗಲ್ಲು ನಗೆಗೆ ಬೇಡ. ಆರು ಪೀಪಾಯಿ ಕಂಡರೆ ಸಾಕು, ಉಳಿದವನ್ನು ಕತ್ತಲೆ ನುಂಗಲಿ. ಕೈಗೆ ಲಾಟೀನು ಕೊಡಿ, ಬೆಂಕಿಪೊಟ್ಟಣ ಆಗಿನ್ನೂ ಇರಲಿಲ್ಲ. ಹಿನ್ನೆಲೆಗೆ ಗಡಿಯಾರದ ಗೋಪುರವೂ ಸಲ್ಲದು, ಅದು 19ನೇ ಶತಮಾನದ್ದು.

ಗೆರೆ ಮೆತ್ತಿಕೊಳ್ಳುವುದು ಚಿತ್ರ ಕಿರಿದಾಗುವಾಗ. 12 ಸೆಂ.ಮೀ. ಅಗಲದಲ್ಲಿ ಅಚ್ಚಾಗುವುದಾದರೆ 24ರಲ್ಲಿ ಬಿಡಿಸಿ, ಗೆರೆ 0.4 ಮಿ.ಮೀ.ಗಿಂತ ಸಪೂರ ಬೇಡ, ನೆರಳಿನ ಗೆರೆಗಳ ನಡುವೆ 1.5 ಮಿ.ಮೀ. ಬಿಡಿ. ಕಾಗದ ನುಣುಪಾದ, ದಪ್ಪದ್ದಿರಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೆಳು ಕಾಗದ ತೇವ ಹೀರಿ ಶಾಯಿ ಹಬ್ಬಿಸುತ್ತದೆ, ಶಾಯಿಯೂ ಬೇಗ ಒಣಗುವುದಿಲ್ಲ. ಹಾಗಾಗಿ ಪೆನ್ಸಿಲ್ ಗುರುತನ್ನು ಮರುದಿನದವರೆಗೆ ಕಾದು ಅಳಿಸಿ. ಸ್ಕ್ಯಾನ್ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಮಾಡಿ, ಟಿಫ್ ಕಡತವಾಗಿಯೇ ಕಳಿಸಿ. ಜೆಪೆಗ್ ಮಾಡಿದರೆ ಗೆರೆಯ ಅಂಚು ಕೊಳೆಯಾಗುತ್ತದೆ.