ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರಂತೆ, ಎಲ್ಲಿ ಹುಡುಕಲಿ?

ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ. ತಾತ ಯುದ್ಧಕ್ಕೆ ಹೋಗಿದ್ದರು, ಹೆಸರು ಇಂಥದ್ದು, ಪೂರ್ತಿ ವಿವರ ಕಳಿಸಿ. ಬರೀ ಹೆಸರಿಂದ ಏನೂ ಹುಟ್ಟಲ್ಲ ಅಂತ ಎಷ್ಟು ಸಲ ಬರೆಯೋದು ಹೇಳಿ. ಈ ಸಲ ಒಂದೇ ಪತ್ರ ಹಿಡಿದು ಉದ್ದಕ್ಕೆ ಉತ್ತರಿಸುತ್ತೇನೆ. ಉಳಿದವರಿಗೆ ಒಂದೆರಡು ಸಾಲು ಅಷ್ಟೇ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಎಂಜಿನಿಯರ್ ಪಡೆಯಾದ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬರ್ಮಾದಲ್ಲಿ ಸೇತುವೆ ಕಟ್ಟಿದರು ಅಂತ ಮನೆಯಲ್ಲಿ ಹೇಳುತ್ತಾರೆ. 1946ರಲ್ಲಿ ಊರಿಗೆ ಬಂದರು, ಪಿಂಚಣಿ ಇರಲಿಲ್ಲ. ಪದಕಗಳ ಫೋಟೊ ಕಳಿಸಿದ್ದೇನೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮುಂದೇನು? (ಕೋಲಾರ ಜಿಲ್ಲೆಯಿಂದ)

ಉತ್ತರ: ಆ ಕಮಿಷನ್ ಪಟ್ಟಿ ಸತ್ತವರದ್ದು. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ಒಳಗೆ ಸೇವೆಯಲ್ಲಿ ತೀರಿಕೊಂಡವರ ಹೆಸರು ಅಲ್ಲಿರುತ್ತೆ. ನಿಮ್ಮ ತಾತ ವಾಪಸ್ ಬಂದು, ಮದುವೆಯಾಗಿ, ಮೊಮ್ಮಕ್ಕಳನ್ನೂ ಆಡಿಸಿದವರು. ಅಲ್ಲಿ ಅವರ ಹೆಸರಿದ್ದಿದ್ದರೆ ಈ ಪತ್ರ ಬರೆಯೋಕೆ ನೀವೇ ಇರುತ್ತಿರಲಿಲ್ಲ, ಸ್ವಾಮಿ.

ಈಗ ಪದಕ ನೋಡೋಣ. ಮೂರೂ ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರ, ನೋಡೋಕೆ ಒಂದೇ ಥರ. ಆದರೆ ನಡುವಿನ ವೃತ್ತದಲ್ಲಿ ಬರೆದಿರೋದನ್ನು ಮನೆಯಲ್ಲಿ ಯಾರೂ ಓದಿಲ್ಲ ಅನಿಸುತ್ತೆ. ಒಂದು 1939-45 ಸ್ಟಾರ್, ಒಂದು ಆಫ್ರಿಕಾ ಸ್ಟಾರ್, ಒಂದು ಇಟಲಿ ಸ್ಟಾರ್. ಬರ್ಮಾ ಸ್ಟಾರ್ ಇಲ್ಲವೇ ಇಲ್ಲ. ಕಳೆದುಹೋಗಿರಬಹುದು ಅಂತೀರಾ? ಇರಬಹುದು. ಆದರೆ ಕೈಯಲ್ಲಿರುವ ಸಾಕ್ಷಿ ಆಫ್ರಿಕಾ, ಇಟಲಿ ಅಂತಿರುವಾಗ ಬರ್ಮಾದಲ್ಲಿ ಯಾಕೆ ಹುಡುಕುತ್ತೀರಿ? ನಮ್ಮ ಕಡೆ ಯುದ್ಧಕ್ಕೆ ಹೋದವರೆಲ್ಲ ಬರ್ಮಾಕ್ಕೇ ಹೋದರು ಅಂತ ಒಂದು ನಂಬಿಕೆ, ಅದನ್ನು ಮೊದಲು ಬಿಡಿ.

ಪದಕದ ಹಿಂಭಾಗ ನೋಡಿ, ದುಂಡನೆಯ ವಾರ್ ಮೆಡಲ್ ಇದ್ದರೆ ಅದರ ಅಂಚು ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಸ್ಟಾರ್‌ಗಳಲ್ಲಿ ಹೆಸರಿರಲಿಲ್ಲ, ಭಾರತೀಯರಿಗೆ ಕೊಟ್ಟವುಗಳ ಮೇಲೆ ನಂಬರ್, ರ‍್ಯಾಂಕ್, ಹೆಸರು ಹೊಡೆದಿರುತ್ತಿದ್ದರು. ನಿಮಗೆ ಬೇಕಾಗಿರೋದು ಆ ನಂಬರ್. ಮುನಿಯಪ್ಪ, ನಾರಾಯಣಸ್ವಾಮಿ ಅನ್ನೋ ಹೆಸರು ಆ ರೆಜಿಮೆಂಟಿನಲ್ಲಿ ರಾಶಿ ರಾಶಿ ಇದ್ದವು, ಗುಮಾಸ್ತ ಇಂಗ್ಲಿಷಿನಲ್ಲಿ ಹೇಗೆ ಬರೆದನೋ ಅದೇ ದಾಖಲೆ. ನಂಬರ್ ಮಾತ್ರ ಒಬ್ಬರಿಗೆ ಒಂದೇ.

ನಂಬರ್ ಸಿಕ್ಕ ಮೇಲೆ, ಮದ್ರಾಸ್ ಸ್ಯಾಪರ್ಸ್‌ನ ಈಗಿನ ರೂಪವಾದ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಿರಿ. ನಂಬರ್, ಹೆಸರು, ತಂದೆ ಹೆಸರು, ಊರು, ಆಗಿನ ತಾಲ್ಲೂಕು, ನಿಮ್ಮ ಸಂಬಂಧ, ಇಷ್ಟು ಸಾಕು. ತಾತನ ಶೌರ್ಯದ ಬಗ್ಗೆ ನಾಲ್ಕು ಪುಟ ಬೇಡ. ಜಾಸ್ತಿ ಆಸೆಯೂ ಬೇಡ. ಪಿಂಚಣಿ ಇಲ್ಲದೆ ಬಿಟ್ಟವರ ಪೂರ್ತಿ ಸೇವಾ ವಿವರದ ಕಾಗದ, ಅಂದರೆ ಷೀಟ್ ರೋಲ್‌ಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುವುದು ಸೈನ್ಯದ ನಿಯಮ. ಉಳಿಯೋದು ಲಾಂಗ್ ರೋಲ್ ಅನ್ನೋ ಪಟ್ಟಿ, ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಕಾರಣ ಹೀಗೆ ಒಂದೆರಡು ಸಾಲು. ಆ ಎರಡು ಸಾಲು ನೋಡಿ ನಿರಾಶರಾಗುವವರೇ ಎಲ್ಲ. ಕೆಲಸ ಶುರುವಾಗೋದೇ ಅಲ್ಲಿಂದ.

ಮುಂದಿನ ಹುಡುಕಾಟ ಕಂಪನಿಯದ್ದು, ಅಂದರೆ ತಾತ ಇದ್ದ ತುಕಡಿಯದ್ದು. ಸ್ಯಾಪರ್‌ಗಳು ಒಂದು ದೊಡ್ಡ ಬೆಟಾಲಿಯನ್ ಆಗಿ ಯುದ್ಧಕ್ಕೆ ಹೋಗುತ್ತಿರಲಿಲ್ಲ. ಫೀಲ್ಡ್ ಕಂಪನಿ, ಸಾಮಾನು-ಸಲಕರಣೆ ನೋಡಿಕೊಳ್ಳುವ ಫೀಲ್ಡ್ ಪಾರ್ಕ್ ಕಂಪನಿ ಅಂತ ಒಡೆದು ಬೇರೆ ಬೇರೆ ಡಿವಿಷನ್‌ಗಳಿಗೆ ಹಂಚುತ್ತಿದ್ದರು. ಹಾಗಾಗಿ "ಮದ್ರಾಸ್ ಸ್ಯಾಪರ್ಸ್ ಎಲ್ಲಿದ್ದರು" ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ, ಒಂದೇ ವಾರದಲ್ಲಿ ಅವರು ಇಟಲಿಯಲ್ಲೂ ಇದ್ದರು, ಬರ್ಮಾ ಗಡಿಯಲ್ಲೂ ಇದ್ದರು. ಕಂಪನಿ ನಂಬರ್ ಡಿಸ್ಚಾರ್ಜ್ ಪುಸ್ತಕದಲ್ಲಿ, ಹಳೇ ಕಾಗದದ ವಿಳಾಸದಲ್ಲಿ, ಗ್ರೂಪ್ ಫೋಟೊದ ಕೆಳಗೆ ಸಿಗುತ್ತೆ. ಟ್ರಂಕ್ ತೆಗೆಸಿ ನೋಡಿ.

ಇಟಲಿಗೆ ಹೋದ ಭಾರತೀಯ ಕಾಲಾಳು ಡಿವಿಷನ್ ಮೂರು: 4, 8, 10. ಇದರಲ್ಲಿ 4ನೇ ಡಿವಿಷನ್ ಎರಿಟ್ರಿಯಾದ ಕೆರೆನ್‌ನಲ್ಲಿ, ಲಿಬಿಯಾ ಮರಳುಗಾಡಿನಲ್ಲಿ, ಟುನಿಸಿಯಾದಲ್ಲಿ ಕಾದಾಡಿ, 1944ರ ಫೆಬ್ರವರಿಯಲ್ಲಿ ಇಟಲಿಯ ಕ್ಯಾಸಿನೋ ಬೆಟ್ಟದ ಕೆಳಗಿತ್ತು. ಅದರ ಜೊತೆ ಮದ್ರಾಸಿನವರ 12ನೇ ಫೀಲ್ಡ್ ಕಂಪನಿ, 11ನೇ ಫೀಲ್ಡ್ ಪಾರ್ಕ್ ಕಂಪನಿ ಇದ್ದವು. ನಿಮ್ಮ ತಾತನ ಪದಕಗಳು ಈ ದಾರಿಗೆ ಹೊಂದುತ್ತವೆ. ಹೊಂದುತ್ತವೆ ಅಂದೆ, ಅಲ್ಲೇ ಇದ್ದರು ಅನ್ನಲಿಲ್ಲ. ಕಾಗದ ಸಿಗುವವರೆಗೆ ಮನೆಯ ಗೋಡೆ ಮೇಲೆ ಕ್ಯಾಸಿನೋ ವೀರ ಅಂತ ಬೋರ್ಡ್ ಹಾಕಬೇಡಿ. 11ನೇ ಫೀಲ್ಡ್ ಪಾರ್ಕ್ ಕಂಪನಿಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಮಿನ್ಯಾನೋದಲ್ಲಿ ನೆಲಬಾಂಬಿನ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿ ಪ್ರಾಣಬಿಟ್ಟರು, ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಅನ್ನೋ ಬ್ರಿಟಿಷ್ ಶೌರ್ಯ ಪದಕ ಬಂತು. ಅವರ ಪಕ್ಕದಲ್ಲೇ ನಮ್ಮ ತಾತ ನಿಂತಿದ್ದರು ಅಂತ ನನಗೆ ಬರೆದವರನ್ನೆಲ್ಲ ಸೇರಿಸಿದರೆ ಒಂದು ಪ್ಲಟೂನ್ ಆಗುತ್ತೆ.

ಕಂಪನಿ ಗೊತ್ತಾದರೆ ಅದರ ಯುದ್ಧ ದಿನಚರಿ ಓದಬಹುದು. ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮಧ್ಯಪ್ರಾಚ್ಯದ್ದು ಡಬ್ಲ್ಯೂಒ 169 ಅನ್ನೋ ಕಡತ ಸರಣಿ (ಡಬ್ಲ್ಯೂಒ ಅಂದರೆ ವಾರ್ ಆಫೀಸ್), ಇಟಲಿಯದ್ದು 170, ಬರ್ಮಾದ್ದು 172. ಲಂಡನ್‌ನಲ್ಲಿ ನಂಟರಿದ್ದರೆ ಹೋಗಿ ತಮ್ಮ ಫೋನಿನಲ್ಲೇ ಪುಟಗಳ ಫೋಟೊ ತೆಗೆಯಲಿ, ಅದಕ್ಕೆ ದುಡ್ಡಿಲ್ಲ. ತಾತನ ಹೆಸರು ಅದರಲ್ಲಿ ಇರಲ್ಲ. ಅಧಿಕಾರಿಗಳ ಹೆಸರಿರುತ್ತೆ, ಸಿಪಾಯಿಗಳು ಬರೀ ಸಂಖ್ಯೆ. ಆದರೆ ಯಾವ ದಿನ ಯಾವ ರಸ್ತೆಯಲ್ಲಿ ಮೈನ್ ತೆಗೆದರು, ಯಾವ ಹೊಳೆಗೆ ಬೈಲಿ ಸೇತುವೆ (ಬಿಡಿಭಾಗ ಜೋಡಿಸಿ ಕಟ್ಟುವ ಉಕ್ಕಿನ ಸೇತುವೆ) ಹಾಕಿದರು, ಎಲ್ಲ ಸಿಗುತ್ತೆ. ಮನೆಯ ಸೇತುವೆ ಕಥೆ ಅಲ್ಲೇ ಇರಬಹುದು, ದೇಶ ಮಾತ್ರ ಬೇರೆ.

ಇನ್ನು ಉಳಿದವರು.

ಲಂಡನ್‌ನಿಂದ ತಾತನ ಪೂರ್ತಿ ಸರ್ವಿಸ್ ಫೈಲ್ ತರಿಸಿಕೊಡುತ್ತೇನೆ ಅಂತ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ, ಕೊಡಲಾ? ಕೊಡಬೇಡಿ. ಭಾರತೀಯ ಸಿಪಾಯಿಗಳ ಸೇವಾ ಕಡತ ಅಲ್ಲಿಲ್ಲ, ಇಲ್ಲೇ ರೆಜಿಮೆಂಟುಗಳಲ್ಲಿ ಉಳಿದವು. ಇಲ್ಲದ್ದನ್ನು ಮಾರುವವನಿಗೆ ಕಳ್ಳ ಅಂತಲೇ ಹೇಳಬೇಕು.

ಮುತ್ತಾತ ಸ್ಯಾಪರ್, 1918ರ ಹೈಫಾ ದಾಳಿಯಲ್ಲಿದ್ದರಾ? ಅಲ್ಲಿದ್ದದ್ದು ಜೋಧ್‌ಪುರ, ಮೈಸೂರು ಲ್ಯಾನ್ಸರ್ಸ್, ಕುದುರೆ ಪಡೆಗಳು. ಅವರ ಜೊತೆ ಸ್ಯಾಪರ್‌ಗಳನ್ನು ಸೇರಿಸಬೇಡಿ.

ತಾತ ಬೆಂಗಳೂರ್ ಟಾರ್ಪಿಡೊ ಕಂಡುಹಿಡಿದರಂತೆ? ಮುಳ್ಳುತಂತಿ ಬೇಲಿ ಸಿಡಿಸುವ ಆ ಸ್ಫೋಟಕ ಕೊಳವೆಯನ್ನು ಮಾಡಿದ್ದು ಕ್ಯಾಪ್ಟನ್ ಮೆಕ್ಲಿಂಟಾಕ್, 1912ರಲ್ಲಿ. ನೀವೇ ಬರೆದಂತೆ ತಾತ ಹುಟ್ಟಿದ್ದು 1920ರಲ್ಲಿ.

ಮೊಮ್ಮಕ್ಕಳಿಗೆ ಬ್ರಿಟನ್ ಪರಿಹಾರ ಕೊಡುತ್ತಾ? ಇಲ್ಲ. ಆ ಫಾರ್ವರ್ಡ್ ಮೆಸೇಜ್ ಅಳಿಸಿಹಾಕಿ.

ಪದಕ ತಿಕ್ಕಿ ಹೊಳಪು ಮಾಡಲಾ? ಹುಣಸೆಹಣ್ಣು ಹಚ್ಚಿ ಉಜ್ಜಿದ ಪದಕಗಳನ್ನು ನೋಡಿದ್ದೇನೆ, ನಂಬರ್ ಅರ್ಧ ಸವೆದಿತ್ತು. ಮೊದಲು ಫೋಟೊ ತೆಗೆಯಿರಿ, ಆಮೇಲೂ ತಿಕ್ಕಬೇಡಿ.