‘ನಿಂದು ಅಂತ ಒಂದು ಹಾಡಾದ್ರೂ ಇದೆಯಾ?’

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನಲ್ಲಿ, ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಹಾಡುಗಳನ್ನಷ್ಟೇ ನುಡಿಸುವ ಟ್ರಿಬ್ಯೂಟ್ ಬ್ಯಾಂಡಿನಲ್ಲಿ 9 ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ವಾರವೆಲ್ಲ ಆಫೀಸು, ತಿಂಗಳಿಗೆ ಒಂದೋ ಎರಡೋ ಶೋ. ಮೊನ್ನೆ ಗೃಹಪ್ರವೇಶದ ಮನೆಯಲ್ಲಿ ದೊಡ್ಡಪ್ಪನ ಮಗ ಎಲ್ಲರೆದುರು, ‘ಇಷ್ಟು ವರ್ಷ ಬೇರೆಯವರದ್ದು ನುಡಿಸಿದ್ದಾಯ್ತು, ನಿಂದು ಅಂತ ಒಂದು ಹಾಡಾದ್ರೂ ಇದೆಯಾ?’ ಅಂದ. ಆವತ್ತಿನಿಂದ ಗಿಟಾರ್ ಮುಟ್ಟೋಕೆ ಮನಸ್ಸಾಗುತ್ತಿಲ್ಲ. ನಾನೇ ಮಾಡಿದ ನಾಲ್ಕೈದು ಟ್ಯೂನ್‌ಗಳಿವೆ. ಒಂದನ್ನು ಶೋನಲ್ಲಿ ಸೇರಿಸೋಣ ಅಂದರೆ, ಬ್ಯಾಂಡ್ ಕಟ್ಟಿದ ಡ್ರಮ್ಮರ್ ಗೆಳೆಯ ‘ಜನ ನಿನ್ನ ಹಾಡು ಕೇಳೋಕೆ ಬರಲ್ಲ’ ಅಂದುಬಿಟ್ಟ. ಮುಂದಿನ ತಿಂಗಳು ಶೋ ಇದೆ. ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಚಿಕ್ಕದು ಮಾಡಿದ್ದೇನೆ. ಆದರೆ ಎರಡನೇ ಪುಟದಲ್ಲಿ ನೀವು ಬರೆದ ಒಂದು ಸಂಗತಿ ನನ್ನನ್ನು ಬಿಡುತ್ತಲೇ ಇಲ್ಲ. ಕಳೆದ ಡಿಸೆಂಬರ್ ಶೋ ಮುಗಿದ ಮೇಲೆ ಹಿರಿಯರೊಬ್ಬರು ಬಂದು ನಿಮ್ಮ ಎಡಗೈ ಹಿಡಿದುಕೊಂಡರು. ಜಡ್ಡುಗಟ್ಟಿದ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. 2002ರಲ್ಲಿ ಪಿಂಕ್ ಫ್ಲಾಯ್ಡ್‌ನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದಾಗ ಟಿಕೆಟ್ಟಿಗೆ ದುಡ್ಡಿರಲಿಲ್ಲ, ಇವತ್ತು ಕೇಳಿದೆ ಅಂದರು. ಇದನ್ನು ನೀವು ಮೂರೇ ಸಾಲಿನಲ್ಲಿ ಮುಗಿಸಿ, ಮತ್ತೆ ಅಣ್ಣನ ಮಾತಿಗೆ ಹೋಗಿಬಿಟ್ಟಿದ್ದೀರಿ.

ಆ ಹಿರಿಯರಿಗೆ ಬೇರೆ ಯಾರು ಆ ಸಂಜೆ ಕೊಡುತ್ತಿದ್ದರು ಹೇಳಿ. ವಾಟರ್ಸ್, ಗಿಟಾರಿನ ಡೇವಿಡ್ ಗಿಲ್ಮರ್, ಕೀಬೋರ್ಡಿನ ರಿಕ್ ರೈಟ್, ಡ್ರಮ್ಸಿನ ನಿಕ್ ಮೇಸನ್, ಫ್ಲಾಯ್ಡ್‌ನ ಈ ನಾಲ್ವರು ಕೊನೆಯ ಸಲ ಒಟ್ಟಿಗೆ ವೇದಿಕೆ ಹತ್ತಿದ್ದು 2005ರಲ್ಲಿ, ಲಂಡನ್ನಿನ ಲೈವ್ 8 ಸಂಗೀತ ಕಾರ್ಯಕ್ರಮದಲ್ಲಿ. 2008ರಲ್ಲಿ ರಿಕ್ ರೈಟ್ ತೀರಿಕೊಂಡರು. ಇನ್ನು ಆ ಸಂಗೀತ ಕಣ್ಣೆದುರು ನಡೆಯಬೇಕಾದರೆ ನಿಮ್ಮಂಥವರು ಕೂತು ಕಲಿಯಲೇಬೇಕು.

ನಮ್ಮ ಸೋದರತ್ತೆ ವೀಣೆ ನುಡಿಸುತ್ತಿದ್ದರು. ಒಂದು ಗಮಕ ಸರಿಯಾಗಿ ಬರಲಿ ಅಂತ ತಂತಿ ಎಳೆದು ಎಳೆದು ವಾರಗಟ್ಟಲೆ ಅದೊಂದನ್ನೇ ನುಡಿಸುತ್ತಿದ್ದರು. ನಾವು ಮಕ್ಕಳು ಬೇಸತ್ತು ಅಂಗಳಕ್ಕೆ ಓಡುತ್ತಿದ್ದೆವು. ಜೀವನಪೂರ್ತಿ ನುಡಿಸಿದ್ದು ದಾಸರ ಪದ, ತ್ಯಾಗರಾಜರ ಕೃತಿ. ಸ್ವಂತದ್ದು ಅಂತ ಒಂದೂ ಇಲ್ಲ. ‘ನಿಮ್ಮದು ಏನಿದೆ?’ ಅಂತ ಅವರನ್ನು ಯಾರೂ ಕೇಳಲಿಲ್ಲ. ಗಿಲ್ಮರ್ ತಂತಿ ಎಳೆದು ಸ್ವರ ಏರಿಸುವ ಆ ಬೆಂಡ್ ಸರಿಹೋಗಲು ನಿಮಗೆ ಎರಡು ತಿಂಗಳು ಹಿಡಿಯಿತು ಅಂತ ಬರೆದಿದ್ದೀರಿ. ಓದುವಾಗ ಅತ್ತೆಯ ಬೆರಳೇ ನೆನಪಾಯಿತು.

ವೀಣೆಯಲ್ಲಿ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದಕ್ಕೆ ಜಾಗ ಇದೆ, ನಮ್ಮ ಬ್ಯಾಂಡಿನಲ್ಲಿ ಸ್ವರಕ್ಕೆ ಸ್ವರ ಹಾಗೇ ಬರಬೇಕು ಅಂತ ನೀವು ಹೇಳಬಹುದು. ಒಪ್ಪುತ್ತೇನೆ. ಆ ಬಿಗಿಯಲ್ಲಿ 9 ವರ್ಷ ಇದ್ದವರಿಗೆ ಉಸಿರು ಕಟ್ಟುವುದು ಸಹಜ. ಹಾಗಂತ ಆ ಕೆಲಸವೇ ಕೀಳಾಗುವುದಿಲ್ಲ. ಪಿಂಕ್ ಫ್ಲಾಯ್ಡ್ ಅನ್ನುವ ಹೆಸರೇ ಎಲ್ಲಿಂದ ಬಂತು, ನಿಮಗೆ ಗೊತ್ತೇ ಇರುತ್ತದೆ. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅನ್ನುವ ಇಬ್ಬರು ಅಮೆರಿಕನ್ ಬ್ಲೂಸ್ ಹಾಡುಗಾರರ ಹೆಸರು ಜೋಡಿಸಿ, ಬ್ಯಾಂಡ್ ಕಟ್ಟಿದವರಲ್ಲೊಬ್ಬರಾದ ಸಿಡ್ ಬ್ಯಾರೆಟ್ ಇಟ್ಟದ್ದು. ಶುರುವಿನಲ್ಲಿ ಅವರೂ ಬೇರೆಯವರ ಬ್ಲೂಸ್ ಹಾಡುಗಳನ್ನೇ ನುಡಿಸುತ್ತಿದ್ದರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹುಟ್ಟಿದ ಟ್ರಿಬ್ಯೂಟ್ ಬ್ಯಾಂಡ್ ಒಂದನ್ನು 1996ರಲ್ಲಿ ಗಿಲ್ಮರ್ ತಮ್ಮ 50ನೇ ಹುಟ್ಟುಹಬ್ಬಕ್ಕೆ ಕರೆಸಿ ನುಡಿಸಲು ಕೂರಿಸಿದರು. ಹಾಡು ಯಾರದ್ದೋ ಅವರೇ ಕರೆದು ಕೂರಿಸಿದ ಮೇಲೆ, ಗೃಹಪ್ರವೇಶದ ಪಂಕ್ತಿಯಲ್ಲಿ ಬಂದ ಮಾತಿಗೆ ಇಷ್ಟು ತೂಕ ಯಾಕೆ?

ನನಗೆ ಅನ್ನಿಸುವುದು ಇಷ್ಟು. ಆ ಪ್ರಶ್ನೆಯನ್ನು ನೀವೇ ಮೊದಲಿನಿಂದ ಒಳಗೊಳಗೆ ಕೇಳಿಕೊಳ್ಳುತ್ತಿದ್ದಿರಿ. ಅಣ್ಣ ಎಲ್ಲರೆದುರು ಅಂದಿದ್ದರಿಂದ ಚುಚ್ಚಿತು. ಅದಕ್ಕೇ ಒಂದು ವಿಷಯ ಕೇಳಬೇಕು, ಬೇಜಾರಾಗಬೇಡಿ. ಗಿಲ್ಮರ್ ಅವರ ಟೋನ್ ಬಗ್ಗೆ ಒಂದಿಡೀ ಪುಟ ಬರೆದಿದ್ದೀರಿ. ನಿಮ್ಮ ಟ್ಯೂನ್‌ಗಳ ಬಗ್ಗೆ ಇರುವುದು ಒಂದೇ ಸಾಲು. ಅವು ಹೇಗಿವೆ, ಯಾವಾಗ ಹುಟ್ಟಿದವು, ಮಾತು ಕನ್ನಡದ್ದಾ, ಏನೂ ಇಲ್ಲ. ಅವು ನಿಜವಾಗಿ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿವೆಯಾ? ಅಥವಾ ಅಣ್ಣನಿಗೆ ಉತ್ತರ ಕೊಡಲು ಸುಮ್ನೆ ಹುಡುಕಿ ತೆಗೆದದ್ದಾ? ಎರಡನೆಯದಾದರೆ ಬಿಡಿ. ನೀವು ನುಡಿಸುವವರು, ಒಳ್ಳೆಯ ನುಡಿಸುವವರು. ಅದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಮೊದಲನೆಯದೇ ಆದರೂ ಆ ಟ್ಯೂನ್‌ಗಳನ್ನು ಈ ಬ್ಯಾಂಡಿನ ಮೇಲೆ ಹೇರಬೇಡಿ. ಡ್ರಮ್ಮರ್ ಹೇಳಿದ ರೀತಿ ಒರಟು, ಆದರೆ ಹೇಳಿದ್ದು ಸರಿ. ಪೋಸ್ಟರಿನಲ್ಲಿ ಫ್ಲಾಯ್ಡ್ ಅಂತಿದೆ, ಜನ ಅದಕ್ಕೇ ದುಡ್ಡು ಕೊಟ್ಟಿದ್ದಾರೆ. ನಿಮ್ಮ ಹಾಡಿಗೆ ಬೇರೆ ಸಂಜೆ ಬೇಕು, ಬೇರೆ ಇಬ್ಬರು ಮೂವರು ಜೊತೆಗಾರರು ಬೇಕು. ಮೊದಲು ಫೋನಿನಲ್ಲೇ ರೆಕಾರ್ಡ್ ಮಾಡಿ, ಹದಿನೈದು ದಿನ ಬಿಟ್ಟು ಕೇಳಿ. ಮತ್ತೆ ಕೇಳಬೇಕು ಅನ್ನಿಸಿದ್ದನ್ನು ಮನೆಯಲ್ಲಿ ಹತ್ತು ಜನರನ್ನು ಕೂರಿಸಿ ನುಡಿಸಿ. ಅಷ್ಟಾದ ಮೇಲೂ ಬ್ಯಾಂಡ್ ಬಿಡಬೇಕು ಅನ್ನಿಸಿದರೆ ಮೂರು ತಿಂಗಳು ಮುಂಚೆ ಹೇಳಿ, ನಿಮ್ಮ ಜಾಗಕ್ಕೆ ಬರುವವರಿಗೆ ಆ ಬೆಂಡ್ ಕಲಿಸಿ ಹೊರಡಿ. ಡ್ರಮ್ಮರ್ ಜೊತೆ ಒಂದು ಸಲ ಕಾಫಿಗೆ ಕೂತು, ಆ ಮಾತಿನಿಂದ ನೋವಾಯಿತು ಅಂತ ನೇರವಾಗಿ ಹೇಳಿ. 9 ವರ್ಷದ ಸ್ನೇಹ ಅದು, ಅಲ್ವಾ?

ಮುಂದಿನ ತಿಂಗಳ ಶೋ ಮಾತ್ರ ಬಿಡಬೇಡಿ, ಮಾತು ಕೊಟ್ಟಿದ್ದೀರಿ. ಇವತ್ತು ರಾತ್ರಿ ಗಿಟಾರ್ ತೆಗೆದು ತಂತಿ ಬದಲಿಸಿ. ಇನ್ನೊಂದು ಕೆಲಸ: ಆ ಅಣ್ಣ ಒಂದು ಸಲವಾದರೂ ನಿಮ್ಮ ಶೋಗೆ ಬಂದಿದ್ದಾರೆ ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಒಂದು ಟಿಕೆಟ್ ನೀವೇ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟು ಬನ್ನಿ.